ಸಾವಿರ ಕಡತಗಳ ಮರುನಾಮಕರಣ: ಪಟ್ಟಿ ಮೊದಲು, ಕಮ್ಯಾಂಡ್ ಆಮೇಲೆ

(ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಸ್ವಯಂಸೇವಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಹಳೆಯ ಪುಸ್ತಕವೊಂದನ್ನು ಪುಟಪುಟವಾಗಿ ಚಿತ್ರ ತೆಗೆದು ಉಳಿಸಿಕೊಳ್ಳುವ ಕೆಲಸದಲ್ಲಿ ಕ್ಯಾಮೆರಾ, ಬೆಳಕು, ಪುಟವನ್ನು ಒತ್ತಿಹಿಡಿಯುವ ಗಾಜು ಇವುಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಚಿತ್ರಗಳೆಲ್ಲ ಕಂಪ್ಯೂಟರಿಗೆ ಇಳಿದ ಮೇಲೆ ಅವುಗಳಿಗೆ ಹೆಸರಿಡುವುದು ಹೇಗೆ ಎಂಬುದನ್ನು ಮಾತ್ರ ಅವರವರಿಗೇ ಬಿಟ್ಟುಬಿಡುತ್ತೇವೆ. ಪುಸ್ತಕದಲ್ಲಿ ಪುಟಗಳ ಕ್ರಮವನ್ನು ಹೊಲಿಗೆ ಕಾಯುತ್ತದೆ. ಕಂಪ್ಯೂಟರಿನಲ್ಲಿ ಆ ಕ್ರಮ ಉಳಿಯುವುದು ಕಡತದ ಹೆಸರಿನಲ್ಲಿ ಮಾತ್ರ. ಚಿತ್ರದೊಳಗೆ ಪುಟಸಂಖ್ಯೆ ಅಚ್ಚಾಗಿದ್ದರೂ, ಆ ಚಿತ್ರಗಳನ್ನು ಸೇರಿಸಿ ಪಿಡಿಎಫ್ ಮಾಡುವ ತಂತ್ರಾಂಶ ಅದನ್ನು ಓದುವುದಿಲ್ಲ, ಹೆಸರುಗಳ ಕ್ರಮವನ್ನಷ್ಟೇ ಅನುಸರಿಸುತ್ತದೆ. ಆದ್ದರಿಂದ ಹೆಸರಿಡುವ ಕೆಲಸ ಕೆಟ್ಟರೆ ಪುಸ್ತಕವೇ ಕೆಟ್ಟಂತೆ.

ಕ್ಯಾಮೆರಾ ತಾನಾಗಿ ಕೊಡುವ ಹೆಸರುಗಳನ್ನು ನಂಬಿ ಕೂರುವ ಹಾಗೂ ಇಲ್ಲ. ಕ್ಯಾಮೆರಾ ತಯಾರಕರು ಪಾಲಿಸುವ ಡಿಸಿಎಫ್ ಎಂಬ ನಿಯಮದ ಪ್ರಕಾರ ಚಿತ್ರದ ಹೆಸರಿನಲ್ಲಿ ನಾಲ್ಕು ಅಕ್ಷರ, ಅದರ ಮುಂದೆ 0001ರಿಂದ 9999ರವರೆಗಿನ ಒಂದು ಸಂಖ್ಯೆ ಇರುತ್ತದೆ. 9999 ಮುಗಿದೊಡನೆ ಎಣಿಕೆ ಮತ್ತೆ 0001ಕ್ಕೆ ಮರಳುವುದರಿಂದ, ಪುಸ್ತಕದ ನಡುವೆ ಈ ತಿರುವು ಬಂದರೆ ಅದರ ಕೊನೆಯ ಪುಟಗಳು ಪಟ್ಟಿಯಲ್ಲಿ ಮೊದಲು ಬಂದು ನಿಲ್ಲುತ್ತವೆ. ಎಡಪುಟಕ್ಕೊಂದು ಬಲಪುಟಕ್ಕೊಂದು ಎಂದು ಎರಡು ಕ್ಯಾಮೆರಾ ಇಟ್ಟುಕೊಂಡವರಿಗೆ ಒಂದೇ ಹೆಸರಿನ ಎರಡೆರಡು ಕಡತಗಳು ಸಿಗುತ್ತವೆ. ಹತ್ತಿಪ್ಪತ್ತು ಕಡತಗಳಾದರೆ ಮೌಸ್ ಹಿಡಿದು ಒಂದೊಂದಾಗಿ ಸರಿಪಡಿಸಬಹುದು. ನೂರಾರು ಕಡತಗಳನ್ನು ಹಾಗೆ ಮಾಡಹೊರಟರೆ ಕಣ್ಣು ಮತ್ತು ಕೈ ಎಲ್ಲೋ ಒಂದು ಕಡೆ ತಪ್ಪುತ್ತವೆ, ತಪ್ಪಿದ್ದು ಎಲ್ಲಿ ಎಂಬುದೂ ಆಮೇಲೆ ಗೊತ್ತಾಗುವುದಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಅಕ್ಷರಗಳಲ್ಲೇ ಕೊಡುವ ಕಿಟಕಿಯಲ್ಲಿ, ಟೈಪ್ ಮಾಡಿದ ಕಮ್ಯಾಂಡ್ ಹಾಗಲ್ಲ. ಅದನ್ನು ಬರೆದಿಡಬಹುದು, ಇನ್ನೊಬ್ಬರಿಗೆ ತೋರಿಸಿ ಪರಿಶೀಲಿಸಬಹುದು, ಮುಂದಿನ ಪುಸ್ತಕಕ್ಕೂ ಬಳಸಬಹುದು. ವೇಗಕ್ಕಿಂತ ಹೆಚ್ಚಾಗಿ ಈ ಪರಿಶೀಲನೆಯ ಅವಕಾಶಕ್ಕಾಗಿಯೇ ನಾನು ಕಮ್ಯಾಂಡ್ ದಾರಿಯನ್ನು ಹಿಡಿಯಿರಿ ಎನ್ನುತ್ತೇನೆ.

ಮೊದಲು ಹೆಸರು ಎಂದರೇನು ಎಂದು ನೋಡೋಣ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಮತ್ತು ಅದರ ಪೂರ್ವಜ ಯುನಿಕ್ಸ್‌ನಲ್ಲಿ ಕಡತದ ಹೆಸರು ಕಡತದೊಳಗೆ ಇರುವುದಿಲ್ಲ. ಕಡತದ ವಿವರಗಳು ಐನೋಡ್ ಎಂಬ ದಾಖಲೆಯಲ್ಲಿರುತ್ತವೆ; ಫೋಲ್ಡರ್ ಎಂಬುದು ‘ಈ ಹೆಸರಿಗೆ ಈ ಸಂಖ್ಯೆಯ ಐನೋಡ್’ ಎಂದು ಸಾಲುಸಾಲಾಗಿ ಬರೆದಿಟ್ಟ ಪಟ್ಟಿ. ಗ್ರಂಥಾಲಯದ ಸೂಚಿ ಕಾರ್ಡಿನಲ್ಲಿ ಶೀರ್ಷಿಕೆಯನ್ನು ತಿದ್ದಿ ಬರೆದರೆ ಕಪಾಟಿನಲ್ಲಿರುವ ಪುಸ್ತಕ ಹೇಗೆ ಅಲುಗಾಡುವುದಿಲ್ಲವೋ, ಹೆಸರು ಬದಲಾಯಿಸಿದರೆ ಕಡತದ ಒಳಗಿನ ಒಂದು ಬೈಟ್ ಕೂಡ ಹಾಗೆಯೇ ಅಲುಗಾಡುವುದಿಲ್ಲ. ಒಂದು ಚಿತ್ರ 30 ಎಂಬಿ ಇದ್ದರೂ ಅದರ ಹೆಸರು ಕ್ಷಣಾರ್ಧದಲ್ಲಿ ಬದಲಾಗುವುದಕ್ಕೆ, ತಿದ್ದುಪಡಿಯ ದಿನಾಂಕ ಇದ್ದಂತೆಯೇ ಉಳಿಯುವುದಕ್ಕೆ ಇದೇ ಕಾರಣ. ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ, ಉದಾಹರಣೆಗೆ ಕಂಪ್ಯೂಟರಿನಿಂದ ಪೆನ್ ಡ್ರೈವ್‌ಗೆ ಸಾಗಿಸಿದರೆ ಮಾತ್ರ ಸಂಗತಿ ಬೇರೆ. ಆಗ ಕಡತ ನಿಜವಾಗಿಯೂ ನಕಲಾಗಿ, ಮೂಲ ಅಳಿಯುತ್ತದೆ.

ಹೆಸರು ಬದಲಾಯಿಸುವ ಮೂಲ ಕಮ್ಯಾಂಡ್ ‘ಎಂವಿ’ (mv). 1971ರ ನವೆಂಬರ್ 3ರ ದಿನಾಂಕವಿರುವ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಅದು ಇದೆ. ಹಳೆಯ ಹೆಸರು, ಹೊಸ ಹೆಸರು, ಇಷ್ಟನ್ನು ಕೊಟ್ಟರೆ ಸಾಕು. ಆದರೆ ಅದರ ಒಂದು ಗುಣವನ್ನು ಇಲ್ಲಿರುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಹೊಸ ಹೆಸರಿನಲ್ಲಿ ಈಗಾಗಲೇ ಒಂದು ಕಡತ ಇದ್ದರೆ ‘ಎಂವಿ’ ಸಾಮಾನ್ಯವಾಗಿ ಏನನ್ನೂ ಕೇಳದೆ ಅದನ್ನು ಅಳಿಸಿ ಆ ಜಾಗಕ್ಕೆ ಹೊಸದನ್ನು ತರುತ್ತದೆ. 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಹೆಸರು ಬದಲಾವಣೆಗೆಂದೇ ಬಂದ ಸಿಸ್ಟಂ ಕರೆಯನ್ನು (ಪ್ರೋಗ್ರಾಂಗಳು ವ್ಯವಸ್ಥೆಯಿಂದ ಕೆಲಸ ಮಾಡಿಸಿಕೊಳ್ಳುವ ಬಾಗಿಲನ್ನು) ರೂಪಿಸಿರುವುದೇ ಹೀಗೆ, ಅದಕ್ಕೆ ಒಳ್ಳೆಯ ಕಾರಣವೂ ಇದೆ: ಹಳೆಯ ದಾಖಲೆಯ ಜಾಗದಲ್ಲಿ ಹೊಸ ದಾಖಲೆಯನ್ನು ಒಂದೇ ಏಟಿಗೆ ಕೂರಿಸಬೇಕಾದ ತಂತ್ರಾಂಶಗಳಿಗೆ ಈ ಗುಣವೇ ಆಧಾರ. ನಮ್ಮ ಕೆಲಸಕ್ಕೆ ಮಾತ್ರ ಅದು ಅಪಾಯ. ಹೀಗೆ ಅಳಿದ ಕಡತ ಕಸದ ಬುಟ್ಟಿಗೂ ಹೋಗುವುದಿಲ್ಲ. ಆದ್ದರಿಂದ ‘ಎಂವಿ’ಯ ಜೊತೆ ‘ಎನ್’ (-n) ಎಂಬ ಆಯ್ಕೆಯನ್ನು ಸೇರಿಸುವುದು ರೂಢಿಯಾಗಬೇಕು. ಆಗ ಅದು ಇರುವ ಕಡತವನ್ನು ಮುಟ್ಟುವುದಿಲ್ಲ.

ಹೊಸಬರು ಮೊದಲು ಎಡವುವುದು ‘ಯಾವ ಹೆಸರಾದರೂ’ ಎಂದು ಸೂಚಿಸುವ ನಕ್ಷತ್ರ ಚಿಹ್ನೆಯ (*) ಬಳಿ. 1981ರ ಎಂಎಸ್-ಡಾಸ್ ಅಥವಾ ಆಮೇಲಿನ ವಿಂಡೋಸ್ ಬಳಸಿದವರಿಗೆ ‘ರೆನ್’ ಕಮ್ಯಾಂಡ್ ಗೊತ್ತಿರುತ್ತದೆ: * ಮುಂದೆ ಒಂದು ಎಕ್ಸ್‌ಟೆನ್ಷನ್, ಮತ್ತೆ * ಮುಂದೆ ಇನ್ನೊಂದು ಎಕ್ಸ್‌ಟೆನ್ಷನ್ ಕೊಟ್ಟರೆ ಎಲ್ಲ ಕಡತಗಳ ಬಾಲವೂ ಬದಲಾಗುತ್ತದೆ. ಅದನ್ನೇ ಲಿನಕ್ಸ್‌ನಲ್ಲಿ ‘ಎಂವಿ’ಗೆ ಕೊಟ್ಟರೆ ನಡೆಯುವುದಿಲ್ಲ. ಡಾಸ್‌ನಲ್ಲಿ ನಕ್ಷತ್ರವನ್ನು ಅರ್ಥ ಮಾಡಿಕೊಳ್ಳುವುದು ಕಮ್ಯಾಂಡ್. ಯುನಿಕ್ಸ್ ಪರಂಪರೆಯಲ್ಲಿ ಅದನ್ನು ಬಿಡಿಸುವುದು ಶೆಲ್, ಅಂದರೆ ನಾವು ಟೈಪ್ ಮಾಡಿದ್ದನ್ನು ಓದಿ ಕಮ್ಯಾಂಡುಗಳನ್ನು ಕರೆಯುವ ಪ್ರೋಗ್ರಾಂ. ಆರಂಭದ ಯುನಿಕ್ಸ್‌ನಲ್ಲಿ ಇದಕ್ಕೆಂದೇ ‘ಗ್ಲಾಬ್’ ಎಂಬ ಪ್ರತ್ಯೇಕ ಪ್ರೋಗ್ರಾಂ ಇತ್ತು. ಅಂದರೆ ಮಾದರಿಗೆ ಹೊಂದುವ ಕಡತಗಳಿದ್ದರೆ ‘ಎಂವಿ’ಯ ಕೈಗೆ ನಕ್ಷತ್ರ ತಲುಪುವುದಿಲ್ಲ, ಹೆಸರುಗಳ ಉದ್ದ ಸಾಲು ತಲುಪುತ್ತದೆ. ಸಾಲಿನ ಕೊನೆಯದು ಫೋಲ್ಡರ್ ಅಲ್ಲದಿದ್ದರೆ ಅದು ದೂರು ಹೇಳಿ ನಿಲ್ಲುತ್ತದೆ. ಅಷ್ಟಾದರೆ ಪರವಾಗಿಲ್ಲ. ಫೋಲ್ಡರಿನಲ್ಲಿ ಮೊದಲ ಬಗೆಯ ಕಡತ ಒಂದೇ ಒಂದು, ಎರಡನೆಯ ಬಗೆಯದೂ ಒಂದೇ ಒಂದು ಇದ್ದರೆ ‘ಎಂವಿ’ಗೆ ಸರಿಯಾಗಿ ಎರಡು ಹೆಸರು ಸಿಗುತ್ತವೆ, ಮೊದಲನೆಯದು ಎರಡನೆಯದರ ಮೇಲೆ ಬಿದ್ದು ಎರಡನೆಯದು ಇಲ್ಲವಾಗುತ್ತದೆ, ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ.

ಆದ್ದರಿಂದ ಹಲವು ಕಡತಗಳಿಗೆ ಶೆಲ್‌ನ ‘ಫಾರ್’ ಆವರ್ತನೆ ಬೇಕು. ಅದು ಒಂದೊಂದೇ ಹೆಸರನ್ನು ಎತ್ತಿಕೊಂಡು, ಅದರಿಂದ ಹೊಸ ಹೆಸರನ್ನು ಕಟ್ಟಿ, ಒಂದೊಂದು ಸಲ ‘ಎಂವಿ’ಯನ್ನು ಕರೆಯುತ್ತದೆ. ಹೆಸರಿನ ನಡುವೆ ಖಾಲಿ ಜಾಗ ಇರಬಹುದಾದ್ದರಿಂದ ಹೆಸರು ಹಿಡಿದಿರುವ ಚರವನ್ನು (ವೇರಿಯಬಲ್) ಯಾವಾಗಲೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಹೆಸರು ಅಡ್ಡಗೆರೆಯಿಂದ ಶುರುವಾದರೆ ಅದನ್ನು ಆಯ್ಕೆ ಎಂದು ತಪ್ಪು ತಿಳಿಯದಂತೆ ಹೆಸರಿಗೆ ಮೊದಲು ಎರಡು ಅಡ್ಡಗೆರೆ (--) ಹಾಕಬೇಕು. ಹೆಸರಿನೊಳಗಿನ ಅಕ್ಷರಗಳನ್ನು ಮಾದರಿ ಹಿಡಿದು ತಿದ್ದಲು ‘ರಿನೇಮ್’ ಎಂಬ ಸಲಕರಣೆಯೂ ಇದೆ, ಆದರೆ ಆ ಹೆಸರಿನಲ್ಲಿ ಎರಡು ಬೇರೆಬೇರೆ ಪ್ರೋಗ್ರಾಂಗಳಿವೆ. ಡೆಬಿಯನ್ ಮತ್ತು ಉಬುಂಟು ಬಳಸುವವರಿಗೆ ಸಿಗುವುದು ಪರ್ಲ್ ಭಾಷೆಯ ಕರ್ತೃ ಲ್ಯಾರಿ ವಾಲ್ ಅವರು ಬರೆದ ಪ್ರೋಗ್ರಾಂನಿಂದ ಬೆಳೆದದ್ದು. ಅದಕ್ಕೆ ಪರ್ಲ್‌ನ ಬದಲಿ ಸೂತ್ರವನ್ನು ಕೊಡಬೇಕು, ಇರುವ ಕಡತದ ಮೇಲೆ ಅದು ತಾನಾಗಿ ಬರೆಯುವುದಿಲ್ಲ. ಫೆಡೋರಾದಲ್ಲಿ ಸಿಗುವುದು ಯುಟಿಲ್-ಲಿನಕ್ಸ್ ಕಟ್ಟಿನ ಸರಳ ಪ್ರೋಗ್ರಾಂ. ಅದಕ್ಕೆ ತೆಗೆಯಬೇಕಾದ ಅಕ್ಷರಗಳು ಮತ್ತು ಹಾಕಬೇಕಾದ ಅಕ್ಷರಗಳನ್ನು ನೇರವಾಗಿ ಕೊಡಬೇಕು, ಇರುವ ಕಡತದ ಮೇಲೆ ಅದು ಬರೆದುಬಿಡುತ್ತದೆ. ಯಾರಾದರೂ ‘ರಿನೇಮ್’ ಸಾಲೊಂದನ್ನು ಕಳಿಸಿಕೊಟ್ಟರೆ, ಅದು ಯಾವುದರದ್ದು ಎಂದು ಕೇಳಿಕೊಂಡೇ ಮುಂದುವರಿಯಬೇಕು. ಪರ್ಲ್ ‘ರಿನೇಮ್’ಗೆ ‘ಎನ್’ ಆಯ್ಕೆ ಕೊಟ್ಟರೆ ಅದು ಏನನ್ನೂ ಬದಲಾಯಿಸದೆ, ಬದಲಾಯಿಸಿದರೆ ಏನಾಗುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ. ಅದೇ ಅಕ್ಷರಕ್ಕೆ ‘ಎಂವಿ’ಯಲ್ಲಿ ಬೇರೆ ಅರ್ಥ ಇರುವುದನ್ನು ಮರೆಯಬಾರದು.

ಇನ್ನು ನಮ್ಮದೇ ಕೆಲಸದ ಲೆಕ್ಕಕ್ಕೆ ಬರುತ್ತೇನೆ. ಎರಡು ಕ್ಯಾಮೆರಾಗಳಿಂದ ತೆಗೆದ ಪುಸ್ತಕ ಒಂದಿದೆ ಎನ್ನೋಣ. ಎಡ ಕ್ಯಾಮೆರಾದ ಮೊದಲ ಚಿತ್ರ ರಟ್ಟಿನ ಒಳಮೈ, ಬಲ ಕ್ಯಾಮೆರಾದ ಮೊದಲ ಚಿತ್ರ 1ನೇ ಪುಟ. ಒಳಮೈಗೆ 0 ಎಂಬ ಸಂಖ್ಯೆ ಕೊಟ್ಟರೆ ಲೆಕ್ಕ ಸುಲಭ: ಚಿತ್ರದ ಕ್ರಮಸಂಖ್ಯೆಯನ್ನು ಎರಡರಿಂದ ಗುಣಿಸಿ 2 ಕಳೆದರೆ ಎಡಪುಟ, 1 ಕಳೆದರೆ ಬಲಪುಟ. 57ನೇ ಚಿತ್ರದ ಜೋಡಿ ಎಂದರೆ 112 ಮತ್ತು 113ನೇ ಪುಟಗಳು. ಈ ಲೆಕ್ಕವನ್ನು ಶೆಲ್ ತಾನೇ ಮಾಡುತ್ತದೆ. ಆದರೆ ಕ್ಯಾಮೆರಾ ಕೊಟ್ಟ ಸಂಖ್ಯೆ 57 ಅಲ್ಲ, 0057. ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಬ್ಯಾಶ್ ಶೆಲ್ ಎಂಟರ ಆಧಾರದ ಸಂಖ್ಯೆ ಎಂದು ಓದುತ್ತದೆ. ಅದರ ಕಣ್ಣಿಗೆ 0057 ಎಂದರೆ ಐದು ಎಂಟಲೆ ನಲವತ್ತು, ಕೂಡಿಸು ಏಳು, ಅಂದರೆ 47. ಎಡಪುಟ 112 ಆಗಬೇಕಾದಲ್ಲಿ 92 ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. 0058ಕ್ಕೆ ಬಂದಾಗ, ಎಂಟರ ಆಧಾರದಲ್ಲಿ 8 ಎಂಬ ಅಂಕಿಯೇ ಇಲ್ಲವಾದ್ದರಿಂದ, ದೋಷ ತೋರಿಸುತ್ತದೆ. ದೋಷ ತೋರಿಸಿದ ಕಡತಗಳನ್ನು ಮಾತ್ರ ಕೈಯಿಂದ ಸರಿಪಡಿಸಿ ಮುಂದೆ ಹೋಗುವವರು ಸದ್ದಿಲ್ಲದೆ ಕೆಟ್ಟಿರುವ ಉಳಿದವನ್ನು ಗಮನಿಸುವುದಿಲ್ಲ. ಪರಿಹಾರ ಸಣ್ಣದು: ಲೆಕ್ಕದಲ್ಲಿ ಸಂಖ್ಯೆಗೆ ಮೊದಲು 10# ಎಂದು ಸೇರಿಸಿದರೆ ಅದನ್ನು ಹತ್ತರ ಆಧಾರದಲ್ಲೇ ಓದಬೇಕೆಂದು ಬ್ಯಾಶ್‌ಗೆ ತಿಳಿಯುತ್ತದೆ. ಲೆಕ್ಕ ಮುಗಿದ ಮೇಲೆ ಹೊಸ ಹೆಸರಿನಲ್ಲಿ ಮತ್ತೆ ಸೊನ್ನೆಗಳನ್ನು ತುಂಬಬೇಕು, ಇಲ್ಲದಿದ್ದರೆ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಹೇಳಿದ ಆಕಾರದಲ್ಲಿ ಪಠ್ಯ ಬರೆದುಕೊಡುವ ‘ಪ್ರಿಂಟ್‌ಎಫ್’ ಕಮ್ಯಾಂಡಿಗೆ ಮೂರು ಅಥವಾ ನಾಲ್ಕು ಅಂಕಿಯ ಅಗಲ ಹೇಳಿದರೆ ಅದೇ ತುಂಬಿಕೊಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಲ್ಲ ಹೆಸರಿಟ್ಟು ಮುಗಿದ ಮೇಲೆ ಪರಿಶೀಲಿಸುವವರು 112 ಮತ್ತು 113ನೇ ಪುಟಗಳು ಬಿಟ್ಟುಹೋಗಿವೆ ಎಂದು ಹೇಳುತ್ತಾರೆ. ಎರಡು ಹಾಳೆ ಒಟ್ಟಿಗೆ ಮಗುಚಿದಾಗ ಹೀಗಾಗುವುದು ತೀರಾ ಸಾಮಾನ್ಯ. ಅಂದರೆ ಈಗ 112ರಿಂದ 317ರವರೆಗೆ ಇರುವ 206 ಕಡತಗಳೂ ಎರಡೆರಡು ಸಂಖ್ಯೆ ಮುಂದೆ ಸರಿದು 114ರಿಂದ 319 ಆಗಬೇಕು. ಏರಿಕೆಯ ಕ್ರಮದಲ್ಲಿ, ಯಾವ ಆಯ್ಕೆಯೂ ಇಲ್ಲದ ‘ಎಂವಿ’ಯಿಂದ ಇದನ್ನು ಮಾಡಿದರೆ ಏನಾಗುತ್ತದೆ ಎಂದು ಹೆಜ್ಜೆಹೆಜ್ಜೆಯಾಗಿ ನೋಡಿ. 112 ಎಂಬುದು 114 ಆಗುತ್ತದೆ, ನಿಜವಾದ 114 ಅಳಿಯುತ್ತದೆ. 113 ಎಂಬುದು 115 ಆಗಿ ನಿಜವಾದ 115 ಅಳಿಯುತ್ತದೆ. ಮುಂದೆ 114ರ ಸರದಿ ಬಂದಾಗ ಆ ಹೆಸರಿನಲ್ಲಿ ಕೂತಿರುವುದು ಹಳೆಯ 112. ಅದೇ ಈಗ 116ನ್ನು ಅಳಿಸಿ ಅಲ್ಲಿ ಕೂರುತ್ತದೆ. ಹೀಗೆ ಎರಡೇ ಚಿತ್ರಗಳು ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಅಳಿಸುತ್ತ ಕೊನೆಯವರೆಗೂ ಸಾಗಿ 318 ಮತ್ತು 319 ಆಗುತ್ತವೆ. 206ರಲ್ಲಿ 204 ಕಡತಗಳು ಇಲ್ಲವಾಗುತ್ತವೆ. ‘ಎನ್’ ಆಯ್ಕೆ ಇದ್ದಿದ್ದರೆ ಏನೂ ಅಳಿಯುತ್ತಿರಲಿಲ್ಲ, ಆದರೆ ಕೆಲಸವೂ ಆಗುತ್ತಿರಲಿಲ್ಲ: ಮುಂದೆ ಜಾಗ ಖಾಲಿ ಇರುವ ಕೊನೆಯ ಎರಡು ಮಾತ್ರ ಸರಿದು, ಉಳಿದವು ಇದ್ದಲ್ಲೇ ನಿಂತು, 316 ಮತ್ತು 317ರಲ್ಲಿ ಬಿರುಕು ಬಿಟ್ಟ ಫೋಲ್ಡರ್ ಉಳಿಯುತ್ತಿತ್ತು. ಸರಿಯಾದ ದಾರಿ ಎಂದರೆ ಇಳಿಕೆಯ ಕ್ರಮ. ಮೊದಲು 317 ಎಂಬುದು 319 ಆಗಲಿ, ಆಮೇಲೆ 316 ಎಂಬುದು 318 ಆಗಲಿ. ಆಗ ಪ್ರತಿಯೊಂದೂ ಖಾಲಿಯಾದ ಜಾಗಕ್ಕೇ ಹೋಗುತ್ತದೆ. ‘ಎಂಎಂವಿ’ ಎಂಬ ಸಲಕರಣೆ ಇಂಥ ಸರಪಳಿಗಳನ್ನು ಮೊದಲೇ ಲೆಕ್ಕ ಹಾಕಿ, ಒಂದರ ಮೇಲೊಂದು ಬೀಳುವಂತಿದ್ದರೆ ಕೆಲಸ ಶುರುಮಾಡುವ ಮೊದಲೇ ಹೇಳುತ್ತದೆ.

ಆದರೂ ನನ್ನ ಆಯ್ಕೆ ಬೇರೆಯದು. ಯುನಿಕ್ಸ್‌ನಲ್ಲಿ ಒಂದೇ ಕಡತಕ್ಕೆ ಎರಡು ಹೆಸರು ಇರಬಹುದು. ‘ಎಲ್‌ಎನ್’ (ln) ಎಂಬ ಕಮ್ಯಾಂಡ್ ಹಳೆಯ ಹೆಸರನ್ನು ಹಾಗೇ ಬಿಟ್ಟು ಅದೇ ಐನೋಡಿಗೆ ಇನ್ನೊಂದು ಹೆಸರನ್ನು ಕೊಡುತ್ತದೆ. ಇದನ್ನು ಹಾರ್ಡ್ ಲಿಂಕ್ ಎನ್ನುತ್ತಾರೆ. ಚಿತ್ರಗಳು ಎರಡು ಪಟ್ಟು ಜಾಗ ತಿನ್ನುವುದಿಲ್ಲ. ಹೊಸ ಹೆಸರಿನಲ್ಲಿ ಮೊದಲೇ ಕಡತ ಇದ್ದರೆ, ಬಲವಂತದ ಆಯ್ಕೆ ಕೊಡದ ಹೊರತು, ‘ಎಲ್‌ಎನ್’ ನಿರಾಕರಿಸುತ್ತದೆ. ಆದ್ದರಿಂದ ಅದೇ ಡಿಸ್ಕ್‌ನಲ್ಲಿ ಹೊಸದೊಂದು ಖಾಲಿ ಫೋಲ್ಡರ್ ಮಾಡಿ, ಅಲ್ಲಿ ‘ಎಲ್‌ಎನ್’ ಮೂಲಕ ಹೊಸ ಹೆಸರುಗಳನ್ನು ಹುಟ್ಟಿಸಿ, ಪುಟಗಳನ್ನು ತಿರುವಿ ನೋಡಿ, ಎಲ್ಲ ಸರಿ ಎಂದಾದ ಮೇಲೆ ಹಳೆಯ ಫೋಲ್ಡರನ್ನು ತೆಗೆದುಹಾಕಬಹುದು. ಏರಿಕೆ ಇಳಿಕೆಯ ಚಿಂತೆಯೂ ಇಲ್ಲ, ಕ್ಯಾಮೆರಾ ಕೊಟ್ಟ ಹೆಸರುಗಳೂ ಅಲ್ಲಿಯವರೆಗೆ ಕೈಯಲ್ಲಿರುತ್ತವೆ. ಎರಡು ಮಿತಿಗಳನ್ನು ನೆನಪಿಡಬೇಕು: ಎರಡೂ ಹೆಸರುಗಳ ಹಿಂದಿರುವುದು ಒಂದೇ ಚಿತ್ರವಾದ್ದರಿಂದ ಪರಿಶೀಲನೆ ಮುಗಿಯುವವರೆಗೆ ಚಿತ್ರವನ್ನು ತಿದ್ದಬಾರದು, ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆ ಇರುವ ಪೆನ್ ಡ್ರೈವ್ ಅಥವಾ ಮೆಮೊರಿ ಕಾರ್ಡಿನ ಮೇಲೆ ಹಾರ್ಡ್ ಲಿಂಕ್ ನಡೆಯುವುದಿಲ್ಲ.

ಹೆಸರುಗಳನ್ನು ಕನ್ನಡದಲ್ಲೇ ಇಡಬಹುದೇ ಎಂಬ ಪ್ರಶ್ನೆ ಇಂಥ ಸಭೆಗಳಲ್ಲಿ ಬಂದೇ ಬರುತ್ತದೆ. ಖಂಡಿತ ಇಡಬಹುದು, ಇಡಬೇಕು ಎಂಬುದೇ ನನ್ನ ಅಭಿಪ್ರಾಯ. ಕನ್ನಡ 1991ರ ಮೊದಲ ಯುನಿಕೋಡ್ ಆವೃತ್ತಿಯಿಂದಲೂ ಇದೆ, ಮತ್ತು ಲಿನಕ್ಸ್‌ನಲ್ಲಿ ಓರೆಗೆರೆ (/) ಹಾಗೂ ಶೂನ್ಯ ಬೈಟ್ ಬಿಟ್ಟು ಉಳಿದ ಯಾವುದೇ ಬೈಟ್ ಹೆಸರಿನಲ್ಲಿ ಬರಬಹುದು. ಆದರೆ ಕನ್ನಡ ಹೆಸರುಗಳನ್ನು ಸಗಟಾಗಿ ಬದಲಾಯಿಸುವವರು ಪರದೆಯ ಮೇಲೆ ಕಾಣದ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಲಿನಕ್ಸ್‌ನ ಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿ ಇದೆ. ಯುನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕರ್ನಾಟಕ’ ಎಂಬುದರಲ್ಲಿ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ ಕಂಡರೂ ಸಂಕೇತಗಳು ಏಳು, ಬೈಟ್‌ಗಳು 21. ಹೀಗಾಗಿ ಒಂದು ಹೆಸರಿನಲ್ಲಿ ಹಿಡಿಸುವುದು ಹೆಚ್ಚೆಂದರೆ 85 ಕನ್ನಡ ಸಂಕೇತಗಳು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ ಲೆಕ್ಕ ಹಾಕುವ ಕ್ರಮವೇ ಬೇರೆಯಾದ್ದರಿಂದ ಅಲ್ಲಿ 255 ಕನ್ನಡ ಸಂಕೇತಗಳು ಹಿಡಿಸುತ್ತವೆ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಇಸವಿ ಎಲ್ಲವನ್ನೂ ಹೆಸರಿಗೇ ತುರುಕಿದ ಕಡತ ವಿಂಡೋಸ್‌ನಲ್ಲಿ ನೆಮ್ಮದಿಯಾಗಿದ್ದು, ಲಿನಕ್ಸ್‌ಗೆ ತರುವಾಗ ಹೆಸರು ಉದ್ದವಾಯಿತು ಎಂದು ನಿಂತುಬಿಡುವುದು ಇದರಿಂದಲೇ.

ಎರಡನೆಯದು ಇನ್ನೂ ಸೂಕ್ಷ್ಮ. ‘ಕೋಲಾರ’ ಎಂಬ ಹೆಸರಿನ ಮೊದಲ ಅಕ್ಷರದ ಓ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಸ್ವರಚಿಹ್ನೆ, ಊ ಸ್ವರಚಿಹ್ನೆ, ದೀರ್ಘ ಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಎರಡೂ ಪ್ರಮಾಣಬದ್ಧವೇ, ಕಾಣುವುದೂ ಒಂದೇ ಥರ. ಮೊದಲನೆಯದು 15 ಬೈಟ್, ಎರಡನೆಯದು 21 ಬೈಟ್. ಲಿನಕ್ಸ್ ಹೆಸರುಗಳನ್ನು ಬೈಟ್‌ಗಳಾಗಿಯೇ ನೋಡುವುದರಿಂದ ಒಂದೇ ಫೋಲ್ಡರಿನಲ್ಲಿ ಎರಡು ‘ಕೋಲಾರ’ಗಳು ಪಕ್ಕಪಕ್ಕದಲ್ಲಿ ಇರಬಲ್ಲವು. 2017ರಲ್ಲಿ ಹೊಸ ವ್ಯವಸ್ಥೆ ಬರುವವರೆಗೆ ಮ್ಯಾಕ್ ಕಂಪ್ಯೂಟರುಗಳು ಬಳಸುತ್ತಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಬಂದ ಕಡತಗಳ ಮೇಲೆ, ನಾವು ಕೀಲಿಮಣೆಯಲ್ಲಿ ಒತ್ತಿದ ‘ಕೋ’ ಅಕ್ಷರವನ್ನು ಹುಡುಕುವ ‘ರಿನೇಮ್’ ಸೂತ್ರ ಓಡಿಸಿದರೆ ಏನೂ ಸಿಗುವುದಿಲ್ಲ. ‘ಕನ್ವ್‌ಎಂವಿ’ ಎಂಬ ಸಲಕರಣೆಗೆ ಎರಡೂ ಬದಿ ಯುಟಿಎಫ್-8 ಎಂದು ಹೇಳಿ, ‘ಎನ್‌ಎಫ್‌ಸಿ’ ಎಂಬ ಆಯ್ಕೆ ಕೊಟ್ಟರೆ ಎಲ್ಲ ಹೆಸರುಗಳನ್ನೂ ಕೂಡಿದ ರೂಪಕ್ಕೆ ತರುತ್ತದೆ. ಈ ಸಲಕರಣೆಯ ನಡತೆಯನ್ನು ನಾನು ಬಹಳ ಮೆಚ್ಚುತ್ತೇನೆ: ‘ನೋಟೆಸ್ಟ್’ ಎಂದು ಸ್ಪಷ್ಟವಾಗಿ ಹೇಳದ ಹೊರತು ಅದು ಏನಾಗಲಿದೆ ಎಂದು ತೋರಿಸಿ ಸುಮ್ಮನಾಗುತ್ತದೆ.

‘ಸ್ಕ್ಯಾನ್‌ಗಳು’ ಎಂಬಲ್ಲಿ ನಕಾರ ಗಕಾರ ಒತ್ತಾಗಿ ಕೂಡದಂತೆ ನಡುವೆ ಕಾಣದ ಒಂದು ಸಂಕೇತವನ್ನು ಹಾಕುತ್ತೇವೆ. ಅದು ಪದದ ಕೊನೆಯಲ್ಲಿ ಉಳಿದುಬಿಟ್ಟರೂ ಕಣ್ಣಿಗೆ ಬೀಳುವುದಿಲ್ಲ, ಕೂಡಿದ ರೂಪಕ್ಕೆ ತಂದರೂ ಹೋಗುವುದಿಲ್ಲ. ಒಂದೇ ಎಂದು ಕಾಣುವ ಎರಡು ಹೆಸರು ಒಂದಾಗದಿದ್ದರೆ, ಹೆಸರನ್ನು ‘ಓಡಿ’ (od) ಎಂಬ ಕಮ್ಯಾಂಡ್ ಮೂಲಕ ಬೈಟ್‌ಗಳ ದಶಮಾನ ಸಂಖ್ಯೆಗಳಾಗಿ ನೋಡಬೇಕು. 226, 128, 140 ಎಂಬ ಮೂರು ಒಟ್ಟಿಗೆ ಕಂಡರೆ ಆ ಸಂಕೇತ ಅಲ್ಲಿದೆ ಎಂದೇ ಅರ್ಥ. ಕನ್ನಡ ಅಂಕಿಗಳಿಗೂ ಒಂದು ಮಾತು. ೦ಯಿಂದ ೯ರವರೆಗಿನ ಅಂಕಿಗಳನ್ನು 0ಯಿಂದ 9ಕ್ಕೆ ಬದಲಾಯಿಸಲು ಎಲ್ಲರಿಗೂ ಮೊದಲು ಹೊಳೆಯುವುದು ‘ಟಿಆರ್’ ಕಮ್ಯಾಂಡ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಗ್ನೂ ‘ಟಿಆರ್’ ಬೈಟ್‌ಗಳ ಮೇಲೆ ಕೆಲಸ ಮಾಡುವುದರಿಂದ ಕನ್ನಡದ ಹೆಸರನ್ನೇ ಚೂರುಚೂರು ಮಾಡಿಬಿಡುತ್ತದೆ. ಪಠ್ಯ ತಿದ್ದುವ ‘ಸೆಡ್’ ಕಮ್ಯಾಂಡಿನ ‘ವೈ’ ಆದೇಶ ಯುಟಿಎಫ್-8 ಪರಿಸರದಲ್ಲಿ ಅದನ್ನೇ ಸರಿಯಾಗಿ ಮಾಡುತ್ತದೆ.

ದಿನಾಂಕದ ಪ್ರಕಾರ ಹೆಸರಿಡಬೇಕಾದ ಛಾಯಾಚಿತ್ರಗಳಿಗೆ ‘ಎಕ್ಸಿಫ್‌ಟೂಲ್’ ಇದೆ. ಚಿತ್ರದೊಳಗೆ ಕ್ಯಾಮೆರಾ ಬರೆದ ಸಮಯವನ್ನು ಅದು ಓದಿ ಹೆಸರು ಕಟ್ಟುತ್ತದೆ. ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಹೆಸರಿನ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತದೆ. ವಿಂಡೋಸ್ ಬಿಡಲಾಗದವರಿಗೆ ಪವರ್‌ಶೆಲ್‌ನ ‘ರಿನೇಮ್-ಐಟಂ’ ಸಾಕು, ಅದರಲ್ಲಿ ‘ವಾಟ್‌ಇಫ್’ ಎಂಬ ಆಯ್ಕೆ ಪೂರ್ವವೀಕ್ಷಣೆ ಕೊಡುತ್ತದೆ.

ಇಷ್ಟೆಲ್ಲ ಸಲಕರಣೆಗಳಿದ್ದರೂ ನಾನು ಒತ್ತಿ ಹೇಳಬೇಕಾದದ್ದು ಒಂದೇ. ಯಾವ ಕಮ್ಯಾಂಡಿಗೂ ಕೈ ಹಾಕುವ ಮೊದಲು ಹಳೆಯ ಹೆಸರು ಒಂದು ಕಂಬದಲ್ಲಿ, ಹೊಸ ಹೆಸರು ಇನ್ನೊಂದು ಕಂಬದಲ್ಲಿ, ನಡುವೆ ಒಂದು ಟ್ಯಾಬ್ ಇರುವ ಪಟ್ಟಿಯನ್ನು ಸರಳ ಪಠ್ಯ ಕಡತವಾಗಿ ತಯಾರಿಸಿ. ಆವರ್ತನೆಯೊಳಗೆ ‘ಎಂವಿ’ ಇರುವ ಜಾಗದಲ್ಲಿ ‘ಪ್ರಿಂಟ್‌ಎಫ್’ ಇಟ್ಟರೆ ಅದೇ ಲೆಕ್ಕ ಪಟ್ಟಿಯಾಗಿ ಹೊರಬರುತ್ತದೆ. ಪಟ್ಟಿಯ ಸಾಲುಗಳ ಎಣಿಕೆ ಕಡತಗಳ ಎಣಿಕೆಗೆ ಸಮವಾಗಿರಬೇಕು. ಎರಡನೆಯ ಕಂಬವನ್ನು ‘ಕಟ್’ ಮೂಲಕ ತೆಗೆದು, ‘ಸಾರ್ಟ್’ ಮಾಡಿ, ‘ಯುನಿಕ್’ಗೆ (uniq) ‘ಡಿ’ ಆಯ್ಕೆ ಕೊಟ್ಟು ನೋಡಿದರೆ ಎರಡು ಸಲ ಬಂದ ಹೆಸರುಗಳು ಮಾತ್ರ ಕಾಣುತ್ತವೆ. ಅಲ್ಲಿ ಒಂದು ಸಾಲು ಕಂಡರೂ ಮುಂದೆ ಹೋಗಬಾರದು. 0057 ಮಾಡುವ ಅನಾಹುತ ಈ ಹಂತದಲ್ಲೇ ಸಿಕ್ಕಿಬೀಳುತ್ತದೆ, ಏಕೆಂದರೆ 0058ರಂಥವು ದೋಷ ತೋರಿಸಿದಾಗ ಪಟ್ಟಿಯ ಸಾಲುಗಳು ಕಡತಗಳಿಗಿಂತ ಕಡಿಮೆಯಾಗುತ್ತವೆ, 57ನೇ ಚಿತ್ರದ ಎದುರು 112ರ ಬದಲು 92 ಇರುವುದೂ ಪಟ್ಟಿಯಲ್ಲಿ ಕಾಣುತ್ತದೆ. ಆಮೇಲೆ ಪಟ್ಟಿಯನ್ನು ಕಣ್ಣಿನಿಂದ ಓದಿ, ಆರಂಭ, ಕೊನೆ, ನಡುವಿನ ಕೆಲವು ಪುಟಗಳನ್ನು ತೆರೆದು ಅಚ್ಚಾದ ಪುಟಸಂಖ್ಯೆಯ ಜೊತೆ ತಾಳೆ ನೋಡಿ. ಬದಲಾವಣೆಗೆ ಮೊದಲು ಎಲ್ಲ ಕಡತಗಳ ‘ಶಾ256ಸಮ್’ ಮೊತ್ತಗಳನ್ನು (ಕಡತದ ಒಳಗಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತುಗಳನ್ನು) ಬರೆದಿಟ್ಟು, ಆದ ಮೇಲೆ ಮತ್ತೆ ತೆಗೆದು, ಹೆಸರುಗಳನ್ನು ಬಿಟ್ಟು ಮೊತ್ತಗಳನ್ನು ಮಾತ್ರ ಸಾರ್ಟ್ ಮಾಡಿ ಹೋಲಿಸಿ. ಎರಡು ಪಟ್ಟಿಗಳೂ ಒಂದೇ ಆಗಿದ್ದರೆ ಒಂದು ಪುಟವೂ ಕಳೆದಿಲ್ಲ.

ಕೆಲಸ ಮುಗಿದ ಮೇಲೆ ಆ ಪಟ್ಟಿಯನ್ನು ಅಳಿಸದೆ ಚಿತ್ರಗಳಿರುವ ಫೋಲ್ಡರಿನಲ್ಲೇ ಉಳಿಸಿ. ಹಿಂದಕ್ಕೆ ಹೋಗಬೇಕಾದರೆ ಕಂಬಗಳನ್ನು ಅದಲುಬದಲು ಮಾಡಿ, ಖಾಲಿ ಫೋಲ್ಡರಿಗೆ ‘ಎಲ್‌ಎನ್’ ಮೂಲಕ ಹಳೆಯ ಹೆಸರುಗಳನ್ನು ಮತ್ತೆ ಹುಟ್ಟಿಸಬಹುದು. ಅದಕ್ಕಿಂತ ಹೆಚ್ಚಿನ ಉಪಯೋಗವೂ ಇದೆ: ಪುಟ ಮಸುಕಾಗಿದೆ, ಮೂಲೆ ಕತ್ತರಿಸಿದೆ, ಮತ್ತೆ ಚಿತ್ರ ತೆಗೆಯಬೇಕು ಎಂದು ಕರಡು ತಿದ್ದುವವರು ಮಾಡಿಕೊಂಡ ಟಿಪ್ಪಣಿಗಳಲ್ಲಿ ಇರುವುದು ಕ್ಯಾಮೆರಾ ಕೊಟ್ಟ ಹಳೆಯ ಸಂಖ್ಯೆಗಳೇ, ಅವರು ಹೇಳುತ್ತಿರುವುದು ಯಾವ ಪುಟ ಎಂದು ತಿಳಿಯಲು ಈ ಪಟ್ಟಿಯೊಂದೇ ದಾರಿ.